ಮುಂದಿನ ಕೋಣೆಯ ಚಾದರಗಳು

ಆ ಮನೆಯಲ್ಲಿ ಸದ್ಯಕ್ಕೆ ಯಾರ ಕೈ ಮೇಲಾಗಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂಗಳದ ಹಗ್ಗ ನೋಡಿದರೆ ಸಾಕಿತ್ತು.

ದ್ವೀಪದ ಮೇಲಿನ ಉದ್ದನೆಯ ಮನೆ ಅದು. ಮುಂದಿನ ನಾಲ್ಕು ಕೋಣೆಗಳು ಸಮುದ್ರಕ್ಕೆ ಮುಖ ಮಾಡಿದ್ದವು, ಹಿಂದಿನ ನಾಲ್ಕು ಬೋಳು ಗುಡ್ಡಕ್ಕೆ. ನಡುವೆ ಅಂಗಳ. ಅಲ್ಲಿ ಒಂದು ನೀರಿನ ತೊಟ್ಟಿ, ಒಂದು ಒಗೆಯುವ ಕಲ್ಲು, ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗ. ಅಣ್ಣ ತಮ್ಮ ಪಾಲಾದಾಗ ಮುಂದಿನ ಕೋಣೆಗಳು ದೊಡ್ಡ ಸೊಸೆಗೆ ಬಂದವು, ಹಿಂದಿನವು ಚಿಕ್ಕವಳಿಗೆ. ಬಂದವು ಅನ್ನುವುದು ಮರ್ಯಾದೆಯ ಮಾತು. ಚಿಕ್ಕವಳು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವಳು ಮುಂದಿನ ಕೋಣೆಯ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು.

ರಜೆಗೆ ಬರುವವರಿಗೆ ಕೋಣೆ ಕೊಡುವುದೇ ಇಬ್ಬರ ಕಸುಬು. ಬಂದವರು ಹೋದ ಮೇಲೆ ಹಾಸಿಗೆಯ ಚಾದರ ಒಗೆದು ಹಗ್ಗಕ್ಕೆ ಹಾಕಬೇಕು. ದೊಡ್ಡವಳದು ಅಚ್ಚ ಬಿಳಿ ಚಾದರ, ಚಿಕ್ಕವಳದು ನೀಲಿ ಗೆರೆಯದು. ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅತ್ತೆ, ಬೇರೆಯವರು ಪೇಪರು ಓದುವ ಹಾಗೆ ಹಗ್ಗ ಓದುತ್ತಿದ್ದಳು.

"ಇವತ್ತು ಬರೀ ಬಿಳಿ. ದೊಡ್ಡವಳ ಕಾಲು ನೆಲದ ಮೇಲಿಲ್ಲ" ಅನ್ನುವಳು.

ಸುಳ್ಳಲ್ಲ. ವರ್ಷಗಟ್ಟಲೆ ಹಗ್ಗ ಬಿಳಿಯದೇ ಆಗಿತ್ತು. ಸಮುದ್ರಕ್ಕೆ ಬಂದವರಿಗೆ ಸಮುದ್ರ ಕಾಣಬೇಕು, ಗುಡ್ಡದ ಕಲ್ಲು ನೋಡಲು ಯಾರು ಬರುತ್ತಾರೆ? ಮುಂದೆ ಜಾಗ ಸಾಲದೆ ಉಳಿದವರು ಹಿಂದಕ್ಕೆ ಹೋಗುತ್ತಿದ್ದರು. "ನಮ್ಮ ಚಿಕ್ಕವಳ ಹತ್ರ ಕೇಳಿ, ಅಲ್ಲೂ ಪರವಾಗಿಲ್ಲ, ಏನೋ ಒಂದು ರಾತ್ರಿ ಕಳೀಬಹುದು" ಎಂದು ದೊಡ್ಡವಳು ಕಳಿಸಿಕೊಡುವಾಗ ಅವಳ ದನಿಯಲ್ಲಿ ದಾನ ಕೊಡುವವರ ಧಾಟಿ ಇರುತ್ತಿತ್ತು.

ಆಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿ ಬಂತು. ಶಾಲೆಯಲ್ಲಿ ಸಭೆ ಕರೆದರು. ಅಂಗಡಿಯವರು, ದೋಣಿಯವರು ಎಲ್ಲ ಗಲಾಟೆ ಎಬ್ಬಿಸಿದರು. ರೆಕ್ಕೆ ತಿರುಗೋ ಕಂಬ ನಿಲ್ಲಿಸಿದರೆ ಊರಿನ ಅಂದ ಕೆಡುತ್ತೆ, ರಜೆಯ ಜನ ಈ ಕಡೆ ತಲೆ ಹಾಕುವುದಿಲ್ಲ, ನಾವು ಮಣ್ಣು ತಿನ್ನಬೇಕಾ? ದೊಡ್ಡವಳು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಕಂಬ ಎಲ್ಲಿ ಬರುತ್ತೆ?"

"ಗುಡ್ಡದ ಮೇಲಮ್ಮ."

ಗುಡ್ಡದ ಮೇಲೆ! ಅಂದರೆ ಚಿಕ್ಕವಳ ಕಿಟಕಿಗೆ ಸರಿಯಾಗಿ! ಕೈ ಎತ್ತಿ ಎಂದಾಗ ಇಡೀ ಸಭೆಯಲ್ಲಿ ಮೊದಲು ಎದ್ದದ್ದು ಅವಳ ಕೈ. "ಊರಿಗೆ ಒಳ್ಳೇದಾಗ್ಲಿ, ನಮ್ಮದೇನಿದೆ" ಎಂದಳು. ಚಿಕ್ಕವಳು ಹಿಂದಿನ ಬೆಂಚಿನಲ್ಲಿ ಕೂತು ಆ ಕೈಯನ್ನೇ ನೋಡುತ್ತಿದ್ದಳು.

ಕಂಬ ಗುಡ್ಡಕ್ಕೆ ಹೋದದ್ದೇನೋ ನಿಜ. ಆದರೆ ಅಷ್ಟುದ್ದದ ರೆಕ್ಕೆಗಳು ಎಲ್ಲಿಂದ ಇಳಿಯಬೇಕು, ಗುಡ್ಡದ ಕರೆಂಟು ಆಚೆ ದಡಕ್ಕೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಅವಳು ಕೇಳಿರಲಿಲ್ಲ. ಎಲ್ಲವೂ ಅವಳ ಕೋಣೆಗಳ ಎದುರಿನ ಮರಳಿನ ಮೇಲೆಯೇ ಇಳಿಯಿತು. ದೊಡ್ಡ ದೊಡ್ಡ ಕಬ್ಬಿಣದ ದೋಣಿ, ಕ್ರೇನು, ದಿನವಿಡೀ ಗರಗರ ಸದ್ದು. ಕೇಬಲ್ಲು ಹೂಳಲು ಮರಳನ್ನು ಉದ್ದಕ್ಕೆ ಅಗೆದರು. ಈಜಬಾರದು, ಇಳಿಯಬಾರದು ಎಂದು ಕೆಂಪು ಬಾವುಟ ನೆಟ್ಟರು. ಪ್ರತಿವರ್ಷ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಿದ್ದ ಹಳೆಯ ಕುಟುಂಬಗಳು ಕಿಟಕಿ ತೆರೆದು ನೋಡಿ, "ಮುಂದಿನ ವರ್ಷ ಬರ್ತೀವಿ ಬಿಡಿ" ಎಂದು ಸಾಮಾನು ಬಿಚ್ಚದೆ ಹೊರಟವು.

ಹಿಂದೆ ನಡೆದದ್ದೇ ಬೇರೆ. ಗುಡ್ಡದ ಮೇಲೆ ಕಂಬಗಳು ಎದ್ದು ರೆಕ್ಕೆ ತಿರುಗತೊಡಗಿದ್ದೇ ತಡ, ಅದನ್ನು ನೋಡಲು ಜನ ಬಂದರು. ಫೋಟೊ ತೆಗೆಯುವವರು ಬಂದರು, ಹೊಸದಾಗಿ ಮದುವೆಯಾದವರು ಬಂದರು, ತೊಡೆಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ರೆಕ್ಕೆ ಎಣಿಸುವ ಅಜ್ಜಂದಿರು ಬಂದರು. ಬಂದವರೆಲ್ಲ ಕೇಳುವುದು ಒಂದೇ: "ಕಂಬ ಕಾಣೋ ಕೋಣೆ ಇದೆಯಾ?"

ಹಗ್ಗದ ತುಂಬ ನೀಲಿ ಗೆರೆ.

"ಇವತ್ತೂ ಗೆರೆ, ನಿನ್ನೆಯೂ ಗೆರೆ" ಎಂದಳು ಅತ್ತೆ. "ಏನೇ ದೊಡ್ಡವಳೇ, ನಿನ್ನ ಚಾದರಕ್ಕೂ ರಜೆ ಕೊಟ್ಯಾ?"

ದೊಡ್ಡವಳು ಕೈಯಲ್ಲಿದ್ದ ಚಹಾದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಎಲ್ಲರ ಮನೆ ದೋಸೆಯೂ ತೂತೇ ಅತ್ತೆ. ನಾಲ್ಕು ದಿನ ಹೊಸದು ಅಂತ ನೋಡ್ತಾರೆ, ಆಮೇಲೆ ನಾಯಿಯೂ ಮೂಸಲ್ಲ."

ಮಾತು ಆಡಿದ್ದಾಯಿತು, ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ. ಚಿಕ್ಕವಳ ಅಡುಗೆಮನೆಯಿಂದ ಮೊಟ್ಟೆ ಕರಿಯುವ ಸದ್ದು ಬಂದರೆ ಅವಳಿಗೆ ಕಿವಿಗೆ ಎಣ್ಣೆ ಸಿಡಿದ ಹಾಗಾಗುತ್ತಿತ್ತು. ಚಿಕ್ಕವಳು ಹೊಸ ಚಪ್ಪಲಿ ಹಾಕಿದರೆ ಚಪ್ಪಲಿ ನೋಡಿ ಉರಿ, ಹಾಕದಿದ್ದರೆ ಇದ್ದೂ ಇಲ್ಲದವಳ ನಾಟಕ ಎಂದು ಉರಿ. ಅದಕ್ಕೂ ಮೇಲೆ, ಹೆತ್ತ ಮಗಳೇ ಹಿಂದಿನ ಮನೆ ಸೇರಿದ್ದಳು. ಓದು ಮುಗಿಸಿ ಮನೆಯಲ್ಲಿದ್ದ ಹುಡುಗಿಗೆ ಚಿಕ್ಕಮ್ಮನ ಕಡೆಯವರನ್ನು ಗುಡ್ಡ ಹತ್ತಿಸಿ ಕಂಬ ತೋರಿಸಿ ಬರುವ ಕೆಲಸ ಸಿಕ್ಕಿತ್ತು. ಮಧ್ಯಾಹ್ನದ ಊಟವೂ ಅಲ್ಲೇ.

"ಅಲ್ಲಿನ ಅನ್ನ ಏನು ಬೆಳ್ಳಗಿರತ್ತಾ?" ಎಂದು ಕೇಳಿದಳು ದೊಡ್ಡವಳು.

"ಅಮ್ಮಾ, ಕೆಲಸ ಮಾಡಿದ ಕಡೆ ಉಣ್ತೀನಿ. ಚಿಕ್ಕಮ್ಮ ಹೇಳೋದು ಸರಿ, ಗಾಳಿ ಬಂದಾಗ ತೂರಿಕೋಬೇಕು."

"ತೂರಿಕೊಳ್ಳಲಿ, ಯಾರು ಬೇಡ ಅಂದ್ರು? ಆ ಹೊಟ್ಟು ಹಾರಿ ಬಂದು ನನ್ನ ಕಣ್ಣಿಗೇ ಬೀಳ್ತಿದೆಯಲ್ಲ, ಅದಕ್ಕೇನು ಹೇಳ್ತಾಳೆ ನಿನ್ನ ಚಿಕ್ಕಮ್ಮ?"

ಮಗಳು ನಕ್ಕುಬಿಟ್ಟಳು. ನಕ್ಕದ್ದು ಇನ್ನೂ ತಪ್ಪಾಯಿತು.

ಒಂದು ದಿನ ಬ್ರೆಡ್ಡಿನ ಅಂಗಡಿಯಲ್ಲಿ ಚಿಕ್ಕವಳ ಕಡೆಯ ಗಂಡಹೆಂಡತಿ ಸಿಕ್ಕರು. ದೊಡ್ಡವಳು ಹತ್ತಿರ ಹೋಗಿ ಬಹಳ ಕನಿಕರದಿಂದ ವಿಚಾರಿಸಿದಳು. "ನಿದ್ದೆ ಬರತ್ತಾ ಅಲ್ಲಿ? ರಾತ್ರಿಯೆಲ್ಲಾ ಗುಂಯ್ ಅಂತ ಸದ್ದಂತೆ, ಬೆಳಿಗ್ಗೆ ರೆಕ್ಕೆ ನೆರಳು ಮುಖದ ಮೇಲೇ ಓಡಾಡತ್ತಂತೆ. ಪಾಪ."

"ಅಯ್ಯೋ, ಅದೇ ಮಜಾ!" ಎಂದಳು ಆ ಹೆಂಗಸು. "ಅದನ್ನ ಕೇಳೋಕೇ ಎರಡು ದಿನ ಹೆಚ್ಚಿಗೆ ಉಳಿದ್ವಿ."

ದೊಡ್ಡವಳು ಬ್ರೆಡ್ಡು ಮರೆತು ಮನೆಗೆ ಬಂದಳು.

ಅವಳ ಗಂಡ ದೋಣಿ ಓಡಿಸುವವನು. ಮೊದಲು ರಜೆಯವರನ್ನು ಸುತ್ತಾಡಿಸುತ್ತಿದ್ದ, ಈಗ ಕಂಪನಿಯ ಕೆಲಸಗಾರರನ್ನು ಆಚೆ ದಡದಿಂದ ತಂದು ಬಿಡುತ್ತಿದ್ದ, ಮಧ್ಯಾಹ್ನ ಆ ಕಡೆ ಹೋಗುವವರನ್ನೂ ಹತ್ತಿಸಿಕೊಳ್ಳುತ್ತಿದ್ದ. ಮಾತು ಕಡಿಮೆ. ಆವತ್ತು ಊಟಕ್ಕೆ ಕೂತವನು ಮೀನಿನ ಮುಳ್ಳು ತೆಗೆಯುತ್ತಲೇ ಹೇಳಿದ, "ಕಂಪನಿಯವರು ಗೋದಾಮಿಗೆ ಜಾಗ ಹುಡುಕ್ತಿದಾರೆ. ನಮ್ಮ ಮುಂದಿನ ಕೋಣೆ ಕೇಳಿದ್ರು."

"ಯಾವುದಕ್ಕೆ?"

"ನಟ್ಟು, ಬೋಲ್ಟು, ಕೇಬಲ್ಲು ಇಡೋಕೆ."

"ನನ್ನ ಹಾಸಿಗೆ ಮೇಲೆ ನಟ್ಟು ಬೋಲ್ಟು ಮಲಗಬೇಕಾ?"

"ಅವಾದ್ರೂ ಮಲಗಲಿ. ಮನುಷ್ಯರು ಯಾರೂ ಮಲಗ್ತಿಲ್ಲವಲ್ಲ."

ಆ ಕೋಣೆಗಳ ಒಂದೊಂದು ಪರದೆಯನ್ನೂ ಅವಳೇ ಹೊಲಿದಿದ್ದಳು. ಯಾವ ಕಿಟಕಿ ಮಳೆಯಲ್ಲಿ ಬಿಗಿಯುತ್ತದೆ, ಯಾವ ಮಂಚ ಕಿರುಗುಟ್ಟುತ್ತದೆ, ಎಲ್ಲ ಗೊತ್ತಿತ್ತು. ಆ ಕೋಣೆಗಳಿದ್ದದ್ದರಿಂದ ದೋಣಿ ನಿಲ್ಲುವ ಜೆಟ್ಟಿಯಲ್ಲಿ ಜನ ಅವಳಿಗೆ ನಮಸ್ಕಾರ ಹೇಳುತ್ತಿದ್ದರು. ಅವು ಗೋದಾಮಾದರೆ ಅವಳು ಯಾರು? ಚಿಕ್ಕವಳ ಓರಗಿತ್ತಿ, ಅಷ್ಟೆ.

"ಸ್ವಲ್ಪ ದಿನ ತಡೀರಿ" ಎಂದಳು. "ಅಂಗಳದಲ್ಲಿ ಮಾತ್ರ ಈ ವಿಷಯ ಎತ್ತಬೇಡಿ."

"ಈ ತಿಂಗಳು ನೋಡ್ತೀನಿ. ಆಮೇಲೆ ಹೂಂ ಅಂತೀನಿ."

ಮರುದಿನ ಬೆಳಿಗ್ಗೆ ಅತ್ತೆ ಕುರ್ಚಿಗೆ ಬರುವ ಮೊದಲೇ ದೊಡ್ಡವಳು ಕಪಾಟು ತೆರೆದಳು. ಇಸ್ತ್ರಿ ಮಾಡಿ ಮಡಿಸಿಟ್ಟ ಬಿಳಿ ಚಾದರಗಳು, ಮಡಿಕೆಗಳ ನಡುವೆ ನುಸಿಗುಳಿಗೆ. ಒಂದು ಕ್ಷಣ ನೋಡಿದಳು. ಎಳೆದು ತಂದು ನೀರಲ್ಲಿ ಅದ್ದಿ, ಕಲ್ಲಿಗೆ ಎರಡೇಟು ಹಾಕಿ, ಹಿಂಡಿ ಹಗ್ಗಕ್ಕೆ ಹರಡಿದಳು.

ಅತ್ತೆ ಬಂದು ಕೂತು ಕಣ್ಣು ಕಿರಿದು ಮಾಡಿದಳು. "ಏನಿದು, ಬಿಳಿ!"

"ಗಾಳ ಹಾಕೋರು ಬಂದಿದ್ರು ಅತ್ತೆ. ನಸುಕಿಗೇ ಎದ್ದು ಹೋದ್ರು."

"ನಾ ನೋಡಲೇ ಇಲ್ಲವಲ್ಲ?"

"ಮೀನು ಹಿಡಿಯೋರು, ಸದ್ದು ಮಾಡಲ್ಲ."

ಆ ದಿನ ಅವಳಿಗೆ ಅನ್ನ ರುಚಿಸಿತು. ಚಿಕ್ಕವಳು ಬಕೆಟ್ಟು ಹಿಡಿದು ಅಂಗಳಕ್ಕೆ ಬಂದವಳು ಹಗ್ಗ ನೋಡಿ ಅರೆಗಳಿಗೆ ನಿಂತದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ನಿಂತಳು! ನೋಡಿದಳು! ಅಷ್ಟು ಸಾಕು.

ಒಂದು ಸಲಕ್ಕೆ ಮುಗಿಯುವ ಕೆಲಸವೇ ಅದು? ಒಮ್ಮೆ ಬಿಳಿ ತೋರಿಸಿದ ಮೇಲೆ ಮತ್ತೆ ಬರೀ ಹಗ್ಗ ತೋರಿಸುವುದು ಹೇಗೆ? ಗಾಳದವರಾದ ಮೇಲೆ ಹಕ್ಕಿ ನೋಡುವವರು ಬಂದರು, ಅವರಾದ ಮೇಲೆ ಯಾರನ್ನೂ ನೋಡಲು ಇಷ್ಟಪಡದ ಒಬ್ಬ ಕಾಯಿಲೆಯ ಮನುಷ್ಯ ಬಂದ. ದಿನ ಬಿಟ್ಟು ದಿನ ಬಿಳಿ ಚಾದರ ಒದ್ದೆಯಾಯಿತು, ಒಣಗಿತು, ಮಡಿಸಿ ಒಳಗೆ ಹೋಯಿತು, ಮತ್ತೆ ಒದ್ದೆಯಾಯಿತು. ಸಾಬೂನಿನ ನೀರಿಗೆ ಅವಳ ಬೆರಳುಗಳು ಸುಕ್ಕಾದವು.

"ಅಮ್ಮಾ, ಒಗೆದದ್ದನ್ನೇ ಒಗೀತಿದೀಯಲ್ಲ?" ಎಂದಳು ಮಗಳು.

"ಕ್ರೇನಿನ ಧೂಳು. ಕಪಾಟಿನ ಒಳಗೂ ಬರತ್ತೆ. ನೀನು ನಿನ್ನ ಕಂಬ ನೋಡ್ಕೋ ಹೋಗು."

ಸುಳ್ಳಿಗೆ ನೀರು ಬೇಕಾಗುತ್ತದೆ. ದ್ವೀಪದಲ್ಲಿ ನೀರೇನು ಪುಕ್ಕಟೆಯೇ? ವಾರಕ್ಕೊಮ್ಮೆ ನೀರಿನ ದೋಣಿ ಬಂದು ತೊಟ್ಟಿ ತುಂಬಿಸಬೇಕು. ಆ ವಾರ ದೋಣಿ ಬರುವ ಮೊದಲೇ ತೊಟ್ಟಿ ತಳ ಕಂಡಿತು. ಚಿಕ್ಕವಳು ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ನೀರೆಲ್ಲಿ? ನಮ್ಮ ಕೋಣೇಲಿ ಒಬ್ಬರು ತಲೆಗೆ ಸಾಬೂನು ಹಚ್ಕೊಂಡು ನಿಂತಿದಾರೆ!"

"ಒರೆಸ್ಕೊಳ್ಳೋಕೆ ಹೇಳು. ನನ್ನನ್ನೇನು ಕೇಳ್ತೀಯ? ನಿನ್ನ ಕಡೆ ಜಾತ್ರೆ ಸೇರಿದೆ, ನೀರು ನಾನು ಕುಡಿದ್ನಾ?"

"ಜಾತ್ರೆ ಅಂತೀರಲ್ಲ, ಹಗ್ಗದ ಮೇಲೆ ಇರೋದು ಯಾರ ಚಾದರ?"

"ನನ್ನವೇ! ನನ್ನ ಕಡೆಗೂ ಜನ ಬರ್ತಾರೆ. ಬರಬಾರದಾ? ನಿನ್ನ ಅಪ್ಪಣೆ ಬೇಕಾ?"

"ಬರಲಿ ಅಕ್ಕಾ, ಬರಲಿ. ಎಷ್ಟು ಚೊಕ್ಕಟ ಜನ ಬರ್ತಾರೆ ಅಂತ ನೋಡ್ತಾನೇ ಇದೀನಿ" ಎಂದು ಚಿಕ್ಕವಳು ಖಾಲಿ ಬಕೆಟ್ಟು ಬಡಿಯುತ್ತ ಹೊರಟುಹೋದಳು.

"ಸಾಕು ಬಾಯಿ ಮುಚ್ಚಿ, ಇಬ್ಬರೂ!" ಎಂದು ಅತ್ತೆ ಕುರ್ಚಿಯಿಂದ ಗದರಿದಳು. "ಜಗಳಕ್ಕೂ ನೀರು ಬೇಕು, ಗಂಟಲು ಒಣಗತ್ತೆ."

ಆ ಚೊಕ್ಕಟ ಅನ್ನುವ ಮಾತನ್ನು ದೊಡ್ಡವಳು ಗಮನಿಸಲಿಲ್ಲ. ಉರಿಯುವಾಗ ಯಾರಿಗೆ ಕಿವಿ ಇರುತ್ತದೆ?

ತಿಂಗಳು ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಅವಳು ಹಗ್ಗದ ಆಚೆ ಬದಿ ಚಾದರದ ತುದಿ ಎಳೆದು ಸರಿಮಾಡುತ್ತಿದ್ದಳು. ಈಚೆ ಬದಿ ಗಂಡಸಿನ ದನಿ ಕೇಳಿಸಿತು. ಆಚೆ ದಡದ ಶಾಲೆಯೊಂದರ ಮೇಷ್ಟ್ರು. ರಜೆ ಮುಗಿಯುವತನಕ ವಾರಕ್ಕೊಂದು ತಂಡದಂತೆ ಮಕ್ಕಳನ್ನು ಕರೆತಂದು ಗಾಳಿಕಂಬ ತೋರಿಸಬೇಕಂತೆ. ಚಿಕ್ಕವಳ ನಾಲ್ಕು ಕೋಣೆ ಸಾಲದು, ಇನ್ನೂ ನಾಲ್ಕು ಬೇಕು.

"ಈ ಮುಂದಿನ ಕೋಣೆಗಳು ಯಾರದು?"

"ನಮ್ಮ ಅಕ್ಕನದು ಮೇಷ್ಟ್ರೇ. ಆದರೆ ಪೂರ್ತಿ ಭರ್ತಿ. ಹಗ್ಗ ನೋಡಿ, ದಿನಾ ಒಗೆದೂ ಒಗೆದೂ ಸಾಕಾಗಿದೆ ಅವರಿಗೆ. ಜೆಟ್ಟಿ ಹತ್ರ ಲಾಡ್ಜಿದೆ, ಅಲ್ಲಿ ಕೇಳಿ. ಎಂಟೂ ಕೋಣೆ ಒಂದೇ ಕಡೆ ಸಿಗುತ್ತೆ, ನಿಮಗೂ ಅನುಕೂಲ."

ಒಂದು ಹೆಜ್ಜೆ. ಒದ್ದೆ ಚಾದರವನ್ನು ಪಕ್ಕಕ್ಕೆ ಸರಿಸಿ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಹೆಜ್ಜೆ ಇಟ್ಟು ಏನನ್ನಬೇಕು? ಭರ್ತಿ ಇಲ್ಲ ಅನ್ನಬೇಕು. ಇಷ್ಟು ದಿನ ಒಗೆದದ್ದು ಏನಕ್ಕಾ ಎಂದು ಚಿಕ್ಕವಳು ಕೇಳಿದರೆ? ದೊಡ್ಡವಳು ಉಸಿರು ಬಿಗಿಹಿಡಿದು ತನ್ನ ಬಿಳಿ ಚಾದರದ ಹಿಂದೆ ಕಳ್ಳಿಯ ಹಾಗೆ ನಿಂತಳು. ಮೇಷ್ಟ್ರ ಚಪ್ಪಲಿ ಸದ್ದು ಬಾಗಿಲು ದಾಟಿ ಬೀದಿಗೆ ಇಳಿಯಿತು.

ವಾರಕ್ಕೊಂದು ದಿನ ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಒಟ್ಟಿಗೆ ಉಣ್ಣಬೇಕೆಂಬುದು ಅತ್ತೆಯ ಕಟ್ಟಪ್ಪಣೆ. ಬೇರೆ ದಿನ ಹೊಡೆದಾಡಿಕೊಳ್ಳಿ, ಆ ದಿನ ನನ್ನ ಕಣ್ಣೆದುರು ಹೊಡೆದಾಡಿಕೊಳ್ಳಿ ಅನ್ನುವಳು. ಆವತ್ತೇ ಆ ದಿನ. ದೊಡ್ಡವಳು ಮೀನು ಮಾಡಿದ್ದಳು, ಚಿಕ್ಕವಳು ಅನ್ನ ತಂದಿದ್ದಳು; ಅವಳ ಗಂಡ ಮಾತ್ರ ಸಾಮಾನು ತರಲು ಆಚೆ ದಡಕ್ಕೆ ಹೋಗಿದ್ದ. ದೋಣಿಯವನು ತಟ್ಟೆಗೆ ಕೈ ಹಾಕುವ ಮೊದಲೇ ಶುರು ಮಾಡಿದ.

"ನಾಳೆ ಗೋದಾಮಿನವನು ಕೋಣೆ ನೋಡೋಕೆ ಬರ್ತಾನೆ."

"ಅಂಗಳದಲ್ಲಿ ಹೇಳಬೇಡಿ ಅಂದಿದ್ದೆ!" ಎಂದಳು ದೊಡ್ಡವಳು.

"ಇನ್ನೆಲ್ಲಿ ಹೇಳ್ಲಿ? ಇಲ್ಲೇ ಊಟ."

ಅಷ್ಟರಲ್ಲಿ ಮಗಳು ಬಂದು ತಟ್ಟೆ ಎಳೆದುಕೊಂಡಳು. "ಜೆಟ್ಟಿ ಲಾಡ್ಜಲ್ಲಿ ಒಬ್ಬ ಮೇಷ್ಟ್ರು ಕೂತಿದಾರೆ. ಅಲ್ಲಿನ ಹಾಸಿಗೆ ನೋಡಿ ಮುಖ ಕಿವುಚಿಕೊಂಡ್ರು. ಮಕ್ಕಳನ್ನ ಇಂಥಾ ಕಡೆ ಮಲಗಿಸಲ್ಲ, ಪ್ರವಾಸವೇ ಬೇಡ ಅಂತ ಈ ಮಧ್ಯಾಹ್ನದ ದೋಣಿಗೆ ವಾಪಸ್ ಹೋಗ್ತಾರಂತೆ. ರಜೆ ಪೂರ್ತಿ ಕೋಣೆ ಬೇಕಿತ್ತಂತೆ ಪಾಪ."

ಚಿಕ್ಕವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ. ದೊಡ್ಡವಳು ಹಗ್ಗದ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ನಾಳೆ ನಟ್ಟು ಬೋಲ್ಟು. ಅವಳಿಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನನ್ನ ಕೋಣೆ ಖಾಲಿ ಇದೆ" ಎಂದಳು.

"ಏನಂದೆ?" ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

"ಖಾಲಿ ಅಂದೆ! ನಾಲ್ಕೂ ಖಾಲಿ. ಸೀಸನ್ ಶುರುವಾದಾಗಿಂದ ಖಾಲಿ. ಗಾಳದವರೂ ಇಲ್ಲ, ಹಕ್ಕಿಯವರೂ ಇಲ್ಲ. ಒಗೆದ ಚಾದರಾನೇ ಒಗೆದು ಹಾಕ್ತಿದ್ದೆ. ಇವಳ ಗೆರೆ ನೋಡಿ ನೋಡಿ ಹೊಟ್ಟೆಕಿಚ್ಚಾಗಿ ಹಾಕ್ತಿದ್ದೆ. ಆಯ್ತಾ? ಎಲ್ಲರಿಗೂ ತೃಪ್ತಿಯಾಯ್ತಾ? ಏ, ಏಳೇ, ಓಡು. ಕೋಣೆ ಇದೆ ಅಂತ ಮೇಷ್ಟ್ರಿಗೆ ಹೇಳು. ಚಾದರ ಎಲ್ಲಾ ಒಗೆದಿದೆ ಅಂತ ಹೇಳು."

"ಅದಂತೂ ಸತ್ಯ" ಎಂದಳು ಅತ್ತೆ.

ಮಗಳು ಕೈ ತೊಳೆಯದೆ ಓಡಿದಳು. ದೊಡ್ಡವಳು ಚಿಕ್ಕವಳ ಕಡೆ ತಿರುಗಿದಳು. "ಈಗ ನಗು. ನಗಬೇಕು ಅನ್ನಿಸಿದ್ರೆ ನಕ್ಕುಬಿಡು."

ಚಿಕ್ಕವಳು ನಗಲಿಲ್ಲ. ತಟ್ಟೆ ನೋಡುತ್ತಲೇ, "ನಂಗೆ ಗೊತ್ತಿತ್ತು" ಎಂದಳು.

"ಏನು ಗೊತ್ತಿತ್ತು?"

"ಖಾಲಿ ಅಂತ. ಮೊದಲನೇ ದಿನವೇ ಗೊತ್ತಾಯ್ತು. ಒಂದು ಕಲೆ ಇಲ್ಲ, ಒದ್ದೆಯಾಗಿದ್ರೂ ಇಸ್ತ್ರಿ ಗೆರೆ ಹೋಗಿಲ್ಲ, ಅಂಗಳ ಪೂರ್ತಿ ನುಸಿಗುಳಿಗೆ ವಾಸನೆ. ನಾನೂ ಚಾದರ ಒಗೆಯೋಳೇ ಅಲ್ವಾ ಅಕ್ಕಾ?"

"ಗೊತ್ತಿದ್ದೂ ಮೇಷ್ಟ್ರನ್ನ ಜೆಟ್ಟಿಗೆ ಅಟ್ಟಿದೆಯಾ? ನಿನ್ನ ನಾಲ್ಕು ಕೋಣೆ ವ್ಯಾಪಾರಾನೂ ಬಿಟ್ಟು?"

"ಅಟ್ಟಿದೆ."

"ಯಾಕೆ?"

"ಯಾಕೆ ಅಂದ್ರೆ?" ಚಿಕ್ಕವಳ ದನಿ ಏರಿತು. "ನಿಮ್ಮ ಕೋಣೆ ತುಂಬಬಾರದು ಅಂತ! ಇಷ್ಟು ವರ್ಷ ನೀವು ಉಂಡು ಮಿಕ್ಕಿದ್ದು ನಂಗೆ. 'ಅಲ್ಲೂ ಪರವಾಗಿಲ್ಲ, ಒಂದು ರಾತ್ರಿ ಕಳೀಬಹುದು' ಅಂತಿದ್ರಲ್ಲ, ಅದು ಗೋಡೆ ದಾಟಿ ನಂಗೆ ಕೇಳಿಸ್ತಿತ್ತು. ಕಂಬ ನನ್ನ ಕಿಟಕಿಗೆ ಬರ್ಲಿ ಅಂತ ಸಭೇಲಿ ಕೈ ಎತ್ತಿದ್ರಿ. ಆ ಕಂಬದ ಸದ್ದಿಗೆ ನಾನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ? ಜನ ಬಂದು ಮಜಾ ಅಂತಾರೆ, ಹೋಗ್ತಾರೆ. ನಾನು ಅಲ್ಲೇ ಇರಬೇಕು. ಒಲೆ ಮೇಲೆ ನೆರಳು ಸರಸರ ಓಡಾಡ್ತಿದ್ರೆ ತಲೆ ಸಿಡಿಯುತ್ತೆ. ಈಗಲೂ, ಇಷ್ಟು ಜನ ತುಂಬಿದಾಗಲೂ, ನಿಮ್ಮ ಮುಂದಿನ ಕೋಣೆ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ."

ದೋಣಿಯವನು ನೀರಿನ ಲೋಟ ಹಿಡಿದವನು ಹಾಗೇ ಹಿಡಿದಿದ್ದ. ಈಗ ದೊಡ್ಡವಳು ಎದ್ದು ಜುಟ್ಟು ಹಿಡಿಯುತ್ತಾಳೆ ಎಂದೇ ಅವನು ತಿಳಿದಿದ್ದ.

ದೊಡ್ಡವಳು ಏಳಲಿಲ್ಲ. ಅವಳ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಉರಿಯುತ್ತೆ ಅಂದಳಲ್ಲ. ಈಗಲೂ ಅಂದಳಲ್ಲ! ಇವಳು ನನ್ನನ್ನು ಮರೆತು, ಮೂಲೆಗೆ ತಳ್ಳಿ, ಕಂಬದ ಕೆಳಗೆ ಸುಖವಾಗಿದ್ದಾಳೆ ಎಂದುಕೊಂಡು ತಾನು ಬೆರಳು ಸುಕ್ಕಾಗುವ ಹಾಗೆ ಒಗೆದಿದ್ದಳು. ಇಲ್ಲಿ ನೋಡಿದರೆ ಇವಳೂ ಸುಡುತ್ತಿದ್ದಾಳೆ! ಇಡೀ ಸೀಸನ್ನಿನಲ್ಲಿ ಅವಳ ಕಿವಿಗೆ ಇಷ್ಟು ಹಿತವಾದ ಮಾತು ಬಿದ್ದಿರಲಿಲ್ಲ. ಸ್ವರ್ಗಕ್ಕೆ ಮೂರೇ ಗೇಣು.

"ಜೆಟ್ಟಿಗೆ ನಾನೂ ಹೋಗ್ತೀನಿ" ಎಂದು ಚಿಕ್ಕವಳು ಎದ್ದಳು. "ಭರ್ತಿ ಅಂತ ನಾನೇ ಹೇಳಿದ್ದು. ಮೇಷ್ಟ್ರು ಅವಳ ಮಾತು ನಂಬಲಿಕ್ಕಿಲ್ಲ."

ದೊಡ್ಡವಳು ಅವಳ ಎಂಜಲು ಕೈಯನ್ನೇ ಹಿಡಿದು ಕೂರಿಸಿದಳು. "ನನ್ನ ಮಗಳು ಕಲ್ಲನ್ನೂ ನಂಬಿಸ್ತಾಳೆ. ನೀನು ಕೂತ್ಕೋ. ಉಂಡು ಹೋಗು."

"ದೋಣಿ ಬಿಡುತ್ತೆ ಅಕ್ಕಾ!"

"ದೋಣಿ ಬಿಡೋರು ಇಲ್ಲೇ ಮೀನು ತಿಂತಿದಾರೆ, ಕಣ್ಣು ಕಾಣಲ್ವಾ?" ಎಂದ ದೊಡ್ಡವಳು ಪಾತ್ರೆಯೊಳಗೆ ಕೈಯಾಡಿಸಿ ಎಲ್ಲಕ್ಕಿಂತ ದೊಡ್ಡ ತುಂಡನ್ನು ಚಿಕ್ಕವಳ ತಟ್ಟೆಗೆ ಹಾಕಿದಳು. ಆಮೇಲೆ ಮೊಣಕಾಲು ಹತ್ತಿರಕ್ಕೆ ಸರಿಸಿಕೊಂಡು, ದನಿ ತಗ್ಗಿಸಿ ಕೇಳಿದಳು.

"ತುಂಬಾ ಉರೀತಿತ್ತಾ?"

"ತುಂಬಾ ಅಕ್ಕಾ."

"ಯಾವತ್ತಿಂದ? ಮೊದಲಿಂದ ಹೇಳು."